ಇಡಿಯಾಗಿ ಉಳಿದವನು

ಚೀಟಿ ವಾಪಸು ಬಂದದ್ದಕ್ಕೆ ಅವನಿಗೇನೂ ಅನ್ನಿಸಿರಲಿಲ್ಲ. ಈ ನಿಘಂಟು ಕಚೇರಿಯ ಹದಿನೇಳು ವರ್ಷಗಳಲ್ಲಿ ಅವನ ಎಷ್ಟು ಚೀಟಿಗಳು ಹಸಿರು ಶಾಯಿ ಬಳಿದುಕೊಂಡು ಹಿಂದಿರುಗಿಲ್ಲ. ಆದರೆ ಇವತ್ತು ಪ್ರಧಾನ ಸಂಪಾದಕರು ತಾವೇ ಕೋಲೂರಿಕೊಂಡು ಎದ್ದು ಬಂದು, ಆರು ಮೇಜುಗಳ ನಟ್ಟನಡುವೆ ನಿಂತು, ಕಿವಿ ಮಂದವಾದವರ ಏರುದನಿಯಲ್ಲಿ, "ಏನ್ರೀ ಇದು?" ಎಂದರು. ಚೀಟಿಯಲ್ಲಿದ್ದದ್ದು ಇಂಗ್ಲಿಷಿನ 'ಹೋಲಿ' ಎಂಬ ಪದ. ಅದರ ಮುಂದೆ ಅವನು ಮೂರೇ ಮಾತು ಬರೆದಿದ್ದ: ಪವಿತ್ರ, ಪಾವನ, ಪುಣ್ಯ. "ಇದು ಅರ್ಥ ಆಯ್ತು. ಹುಟ್ಟು ಎಲ್ರೀ? ಇದಕ್ಕೆ ಅಪ್ಪ ಅಮ್ಮ ಇಲ್ವಾ? ಬೀದೀಲಿ ಬಿದ್ದು ಸಿಕ್ಕಿದ ಪದಾನಾ?" ಟೈಪು ಮಾಡುತ್ತಿದ್ದ ಹೆಂಗಸು ನಗು ನುಂಗಲು ಯಂತ್ರದ ಮೇಲೆ ಬಗ್ಗಿದಳು. ಅವನು ಎದ್ದು ನಿಂತಿದ್ದ. ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಹಣ್ಣು ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಇದ್ದ. "ಪದದ ಹೊಟ್ಟೆಗೆ ಕೈ ಹಾಕೋಕೆ ಹೆದರೋರು ಈ ಕೆಲಸಕ್ಕೆ ಯಾಕೆ ಬರಬೇಕು? ಸಂಜೆ ಒಳಗೆ ಸರಿ ಮಾಡಿ ಕೊಡಿ." ಎರಡು ಗಂಟೆಗೆ ತಾನು ಹೊರಡಬೇಕು, ಇವತ್ತು ಬುಧವಾರ, ಅಕ್ಕನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು ಎಂದು ಅವನು ತಡವರಿಸಿದ. ಮುದುಕರ ಮುಖ ಒಮ್ಮೆಲೇ ಮೆತ್ತಗಾಯಿತು. "ಓ, ಹೌದಲ್ಲ. ಹೋಗಿ, ಹೋಗಿ. ನಿಮ್ಮಂಥ ತಮ್ಮ ಎಲ್ರಿಗೂ ಸಿಗಲ್ಲ." ಆರು ಮೇಜುಗಳೂ ಹೌದೆಂದು ತಲೆಯಾಡಿಸಿದವು. ಬೈಗುಳವನ್ನು ಅವನು ತಡೆದುಕೊಂಡಿದ್ದ. ಈ ಹೊಗಳಿಕೆಯನ್ನು ತಡೆಯಲಾಗಲಿಲ್ಲ. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬೀಳುವುದನ್ನೇ ನೋಡುತ್ತ ನಿಂತ.

ಅಲ್ಲಿ ನಿಂತಾಗಲೂ ಕೈ ತಾನಾಗಿ ಎಡಪಕ್ಕೆಯ ಕೆಳಗೆ, ಬೆನ್ನಿನ ಕಡೆಗೆ ಸರಿದಿತ್ತು. ಹದಿನಾಲ್ಕು ತಿಂಗಳಿಂದ ಅಂಟಿಕೊಂಡ ಚಾಳಿ. ಜನಜಂಗುಳಿಯಲ್ಲಿ ಪರ್ಸು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವವನಂತೆ, ದಿನಕ್ಕೆ ಹತ್ತಾರು ಸಲ ಅವನು ಆ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಇದೆ. ಅಲ್ಲೇ ಇದೆ. ಯಾರೂ ತೆಗೆದುಕೊಂಡಿಲ್ಲ.

ಮೇಜಿಗೆ ಮರಳಿ ಪದಗಳ ಹುಟ್ಟು ಹೇಳುವ ದಪ್ಪ ಸಂಪುಟವನ್ನು ಕಪಾಟಿನಿಂದ ಇಳಿಸಿಕೊಂಡ. 'ಹೋಲಿ'ಯ ಹಳೆಯ ರೂಪ 'ಹಾಲಿಗ್'. ಅದು ಬಂದದ್ದು 'ಹಾಲ್' ಎಂಬುದರಿಂದ. ಹಾಲ್ ಎಂದರೆ ಇಡಿಯಾದ, ಪೆಟ್ಟಾಗದ, ಊನವಿಲ್ಲದ. ಇಡಿ ಎಂಬರ್ಥದ 'ಹೋಲ್', ಗಾಯ ಮಾಯುವ 'ಹೀಲ್', ಆರೋಗ್ಯದ 'ಹೆಲ್ತ್' ಎಲ್ಲ ಒಂದೇ ಮನೆಯ ಮಕ್ಕಳು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಹೊಸ ಧರ್ಮದ ಪಾದ್ರಿಗಳು ಬಂದು ಆ ಪದವನ್ನು ತಮ್ಮ ದೇವರಿಗೆ ತೊಡಿಸುವ ಮೊದಲು ಆ ಜನ ಅದರಿಂದ ಏನನ್ನು ಸೂಚಿಸುತ್ತಿದ್ದರೋ ಈಗ ಖಚಿತವಾಗಿ ಹೇಳಲಾಗದು. ಪ್ರಾಯಶಃ ಮುರಿಯಬಾರದ್ದು, ಮೀರಬಾರದ್ದು, ಇಡಿಯಾಗಿ ಉಳಿಸಿಕೊಳ್ಳಬೇಕಾದದ್ದು. ಇಡಿಯಾಗಿ ಉಳಿಸಿಕೊಳ್ಳಬೇಕಾದದ್ದು. ಅವನು ಬೆರಳನ್ನು ಆ ಸಾಲಿನ ಮೇಲೆ ಇಟ್ಟುಕೊಂಡೇ ಕೂತ. ಪೆಟ್ಟಾಗದವನು, ಊನವಾಗದವನು, ಆ ಲೆಕ್ಕದಲ್ಲಿ ಈ ಊರಿನಲ್ಲಿ ತನಗಿಂತ ದೊಡ್ಡ ಪುಣ್ಯಪುರುಷ ಇನ್ಯಾರಿದ್ದಾರೆ? ನಮ್ಮ ಪದವೇ ವಾಸಿ ಅನ್ನಿಸಿತು. 'ಪವಿತ್ರ'ದ ಧಾತು 'ಪೂ', ತೊಳೆ, ಶುದ್ಧಿ ಮಾಡು. ಅದರೊಳಗೆ ನೀರಿದೆ. ಎಂಥ ಕೊಳೆಯಿದ್ದರೂ ತೊಳೆದುಕೊಳ್ಳುವ ದಾರಿಯೊಂದನ್ನು ಆ ಪದ ಬಿಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಅಕ್ಕನ ಚೀಲ ಹೊತ್ತು, ಅವಳ ಹೊದಿಕೆ ಮಡಿಸಿ, ಅವಳ ತೋಳಿನ ಹತ್ತಿಯನ್ನು ಒತ್ತಿ ಹಿಡಿದು ಅವನು ಇಷ್ಟು ದಿನ ಮಾಡುತ್ತಿದ್ದದ್ದು ಅದನ್ನೇ ಅಲ್ಲವೇ? ಆದರೆ ಇಂಗ್ಲಿಷಿನ ಈ ಪದಕ್ಕೆ ನೀರಿನ ಗೊಡವೆಯಿಲ್ಲ. ಒಂದೋ ಇಡಿಯಾಗಿರಬೇಕು, ಇಲ್ಲದಿದ್ದರೆ ಇಲ್ಲ. ಒಡೆದದ್ದನ್ನು ಎಷ್ಟು ತೊಳೆದರೂ ಅದು ಸ್ವಚ್ಛವಾದ ಚೂರಾಗುತ್ತದೆಯೇ ಹೊರತು ಮಡಕೆಯಾಗುವುದಿಲ್ಲ.

ಹದಿನಾಲ್ಕು ತಿಂಗಳ ಹಿಂದೆ, ಅಕ್ಕನಿಗೆ ಕಿಡ್ನಿ ಕೊಡುತ್ತೇನೆಂದು ಅವನು ಮುಂದೆ ಬಂದಿದ್ದಾಗ, ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದ್ದರು. ಎಲ್ಲ ಪರೀಕ್ಷೆಗಳೂ ಮುಗಿದಿದ್ದವು, ರಕ್ತ ಹೊಂದಿತ್ತು, ದಿನ ಗೊತ್ತುಮಾಡುವುದಷ್ಟೇ ಬಾಕಿ. ಡಾಕ್ಟರು ಕಾಗದದ ಮೇಲೆ ಮನುಷ್ಯನ ಬೆನ್ನು ಬರೆದು, ಪಕ್ಕೆಯ ಕೆಳಗೆ ಚುಕ್ಕೆ ಚುಕ್ಕೆಯಾಗಿ ಒಂದು ಗೆರೆ ಎಳೆದರು. ಅಕ್ಕ ಹೊಲಿಗೆಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೊದಲು ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದ ಗೆರೆಯಂತೆಯೇ ಇತ್ತು. "ಇದು ನಿಮ್ಮ ಮನಸ್ಸಿನಿಂದ ಬಂದದ್ದೋ, ಮನೆಯವರ ಬಲವಂತಕ್ಕೋ? ಬೇಡ ಅನ್ನೋ ಹಕ್ಕು ನಿಮಗಿದೆ," ಎಂದರು. ಅವನು ಬೇರೇನೋ ಹೇಳಲು ಬಾಯಿ ತೆರೆದಿದ್ದ. ಬಂದದ್ದು, "ನನ್ನ ಕೈಲಾಗಲ್ಲ ಡಾಕ್ಟರೇ," ಎಂಬ ಮಾತು. ಡಾಕ್ಟರು ಆಶ್ಚರ್ಯಪಡಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತ, "ಸರಿ. ಕೊನೇ ಪರೀಕ್ಷೇಲಿ ಹೊಂದಲಿಲ್ಲ ಅಂತ ನಾವೇ ಹೇಳ್ತೀವಿ. ನಿಮ್ಮ ಮನೇಲಿ ಜಗಳ ಆಗೋದು ಬೇಡ," ಎಂದರು. ಎಷ್ಟು ಸಲೀಸಾಗಿ ಮುಗಿಯಿತು! ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಸುದ್ದಿ ಕೇಳಿ ಅವಳು ಅಳಲಿಲ್ಲ, ಅತ್ತವನು ಅವನು. ಭುಜ ಕುಣಿಸುತ್ತ, ನಿಜವಾದ ಕಣ್ಣೀರು ಸುರಿಸಿ ಅತ್ತ. ಅವಳು ಸೂಜಿ ಚುಚ್ಚಿ ಒರಟಾದ ಬೆರಳುಗಳಿಂದ ಅವನ ಕಣ್ಣೊರೆಸಿ, "ಹುಚ್ಚಪ್ಪಾ, ರಕ್ತ ಹೊಂದದೆ ಇದ್ರೆ ನೀನೇನ್ ಮಾಡ್ತೀಯ? ಕೊಡೋಕೆ ಬಂದೆಯಲ್ಲ, ಅಷ್ಟೇ ಸಾಕು ಬಿಡು," ಎಂದಳು. ಆಮೇಲೆ ನೆಂಟರಿಷ್ಟರ ಬಾಯಲ್ಲೆಲ್ಲ ಅದೇ ಮಾತು. ಚಿಕ್ಕಮ್ಮನಂತೂ ಅವನನ್ನು ಕಂಡಾಗಲೆಲ್ಲ, ಕೊಡಲು ಹೋದ ಕೈ ಎಂದು ಅವನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಅಕ್ಕನ ಮನೆ ತಲುಪಿದಾಗ ಎರಡೂವರೆ. ಅವಳು ಆಗಲೇ ಬಾಗಿಲಲ್ಲಿ ಚೀಲ ಇಟ್ಟುಕೊಂಡು, ಮುಖ ಊದಿಸಿಕೊಂಡು ಕೂತಿದ್ದಳು. ಊದಿದ್ದು ಸಿಟ್ಟಿನಿಂದಲ್ಲ, ನೀರಿನಿಂದ. ಎರಡು ದಿನದ ನೀರು ಅವಳ ಮೈಯೊಳಗೆ ಎಲ್ಲೆಲ್ಲೋ ನಿಂತಿತ್ತು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ಕುಡಿಯುವಂತಿರಲಿಲ್ಲ. ಮಾತ್ರೆ ನುಂಗುವುದಕ್ಕೇ ಒಂದು ಲೋಟ ಹೋಗುತ್ತಿತ್ತು. ಉಳಿದದ್ದನ್ನು ಮಂಜುಗಡ್ಡೆ ಮಾಡಿ ಗಂಟೆಗೊಂದು ಚೂರು ಚೀಪುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಹೊಲಿಗೆಯಂಗಡಿಯನ್ನು ಒಬ್ಬಳೇ ನಡೆಸಿ ಮಗಳನ್ನು ಓದಿಸಿದವಳು, ಈಗ ಒಂದು ಗುಂಡಿ ಹಚ್ಚುವಷ್ಟರಲ್ಲಿ ಸುಸ್ತಾಗಿ ಗೋಡೆಗೆ ಒರಗುತ್ತಿದ್ದಳು. ಬಸ್ಸಿನಲ್ಲಿ ಅವನು ಅವಳಿಗೆ ಕಿಟಕಿ ಪಕ್ಕದ ಜಾಗ ಹಿಡಿದುಕೊಟ್ಟ. ಮುಂದಿನ ಸೀಟಿನಲ್ಲೊಬ್ಬ ಸೀಸೆಯೆತ್ತಿ ನೀರು ಕುಡಿಯುತ್ತಿದ್ದ; ಅವನ ಗಂಟಲ ಗಂಟು ಮೇಲೆ ಕೆಳಗೆ ಆಡುವುದನ್ನು ಅಕ್ಕ ಕಣ್ಣು ಕೀಳದೆ ನೋಡಿದಳು. ಸೀಸೆ ಖಾಲಿಯಾದಾಗ ಅವಳೂ ಒಮ್ಮೆ ನುಂಗಿಕೊಂಡಳು. ಅವನು ತಲೆ ತಿರುಗಿಸಿ ಅಂಗಡಿಗಳ ಹೆಸರು ಓದತೊಡಗಿದ.

ವಾರ್ಡಿನಲ್ಲಿ ಹದಿನಾರು ಕುರ್ಚಿ, ಹದಿನಾರು ಯಂತ್ರ. ಅಕ್ಕನದು ಕೊನೆಯ ಕಿಟಕಿಯ ಬಳಿ. ತೂಕ ನೋಡಿ, ಎರಡೂಮುಕ್ಕಾಲು ಕಿಲೋ ಹೆಚ್ಚೆಂದು ಬರೆದುಕೊಂಡು, ನರ್ಸು ಅವಳ ಎಡತೋಳಿಗೆ ಎರಡು ದಪ್ಪ ಸೂಜಿ ಏರಿಸಿದಳು. ಆ ತೋಳಿನ ನರ ಉಬ್ಬಿ, ಚರ್ಮದಡಿಯಲ್ಲಿ ಹಗ್ಗ ಹೊಲಿದಂತೆ ಗಂಟುಗಂಟಾಗಿತ್ತು. ಅವನು ಎಂದಿನಂತೆ ಆ ಹೊತ್ತಿಗೆ ಹೊದಿಕೆ ಸರಿಮಾಡುವ ನೆಪದಲ್ಲಿ ಬಗ್ಗಿದ. ಕೆಂಪು ಕೊಳವೆಯಲ್ಲಿ ರಕ್ತ ಹೊರಟು, ಯಂತ್ರ ಸುತ್ತಿ, ವಾಪಸು ಬರತೊಡಗಿದ ಮೇಲೆ ಅಕ್ಕ ತಲೆದಿಂಬಿಗೆ ಒರಗಿ, "ಹೇಳು. ಇವತ್ತು ಯಾವ ಪದ?" ಎಂದಳು. ಇದು ಅವರಿಬ್ಬರ ಆಟ. ನಾಲ್ಕು ಗಂಟೆ ಕಳೆಯಬೇಕಲ್ಲ.

"ಹೋಲಿ."

"ನಮ್ಮ ಕಿವಿಗೆ ಹೋಳು ಅಂತ ಕೇಳುತ್ತೆ."

"ಅದಕ್ಕೆ ಪೂರಾ ಉಲ್ಟಾ. ಹೋಳಾಗದೆ ಇರೋದು ಅಂತ. ಪೆಟ್ಟಾಗದೆ, ಮುಕ್ಕಾಗದೆ ಇಡಿಯಾಗಿರೋದು. ಅದರಿಂದಲೇ ಪವಿತ್ರ ಅನ್ನೋ ಅರ್ಥ ಬಂದಿದ್ದು."

ಅಕ್ಕ ತನ್ನ ತೋಳನ್ನು ನೋಡಿಕೊಂಡು ನಕ್ಕಳು. "ಹಾಗಾದ್ರೆ ನನ್ನ ಕಥೆ ಮುಗೀತು. ನಾನು ಜರಡಿ. ವಾರಕ್ಕೆ ಆರು ತೂತು." ಪಕ್ಕದ ಕುರ್ಚಿಯ ಮುದುಕನೂ ನಕ್ಕ. ಅಕ್ಕ ಮುಂದುವರಿಸಿದಳು, "ನೀನೊಬ್ಬ ಇದೀಯಲ್ಲ ಮನೇಲಿ ಇಡಿಯಾಗಿ. ಸಾಕು ಬಿಡು."

ಅವಳು ಕೊಂಕಿನಿಂದ ಹೇಳಿದ್ದಲ್ಲ. ಅವಳ ಮುಖದಲ್ಲಿ ಕೊಂಕನ್ನು ಹುಡುಕಿ ಹುಡುಕಿ ಅವನು ಸೋತ. ಚಿಕ್ಕಂದಿನಲ್ಲಿ ಅಮ್ಮ ಇಬ್ಬರಿಗೂ ಸೇರಿ ಒಂದು ಬೇಯಿಸಿದ ಮೊಟ್ಟೆ ಕೊಟ್ಟರೆ ಅಕ್ಕ ಹೊಲಿಗೆಯ ದಾರವನ್ನು ಹಲ್ಲಿಗೂ ಬೆರಳಿಗೂ ಬಿಗಿದು ಅದನ್ನು ನಟ್ಟನಡುವೆ ಸೀಳುತ್ತಿದ್ದಳು. ದೊಡ್ಡವಳೆಂದು ತನಗೆ ಹೆಚ್ಚಿಲ್ಲ, ಚಿಕ್ಕವನೆಂದು ಅವನಿಗೆ ಹೆಚ್ಚಿಲ್ಲ. ಹಳದಿ ಒಂದು ಕಡೆ ವಾಲಿದ್ದರೆ ಉಗುರಿನಿಂದ ತೆಗೆದು ಸರಿದೂಗಿಸುತ್ತಿದ್ದಳು. ಅವನು ತನ್ನ ಪಾಲನ್ನು ಬೇಗ ತಿಂದು ಅವಳ ಪಾಲನ್ನೇ ನೋಡುತ್ತ ಕೂರುತ್ತಿದ್ದ, ಅವಳು ಕೊಡುತ್ತಿರಲಿಲ್ಲ. ನ್ಯಾಯವೆಂದರೆ ನ್ಯಾಯ. ಅಂಥವಳು ಅವತ್ತು, ಒಂದು ಬೆಂಚಿನ ಮೇಲೆ, ಒಂದು ಮಾತನ್ನೂ ಕೆದಕದೆ ಅವನ ಸುಳ್ಳನ್ನು ನಂಬಿಬಿಟ್ಟಿದ್ದಳು. ಅನುಮಾನಪಟ್ಟಿದ್ದರೆ, ಒಮ್ಮೆ ಹರಿಹಾಯ್ದಿದ್ದರೆ, ಅವನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು.

ಯಂತ್ರ ಒಂದು ಗಂಟೆ ತಿರುಗಿತ್ತು. ಅಕ್ಕ ಕಣ್ಣು ಮುಚ್ಚಿದ್ದವಳು ಹಾಗೆಯೇ, "ಒಂದು ವಿಷಯ ಹೇಳಬೇಕಿತ್ತು. ಬಯ್ಯಬೇಡ," ಎಂದಳು. "ಮಗಳು ಕೊಡ್ತಾಳಂತೆ."

"ಏನು?"

"ಏನು ಅಂದ್ರೆ? ಕಿಡ್ನಿ. ಇಪ್ಪತ್ತೊಂದು ತುಂಬಿತಲ್ಲ, ಈಗ ಯಾರ ಅಪ್ಪಣೇನೂ ಬೇಡ ಅಂತಾಳೆ. ಕನ್ನಡಕದಂಗಡೀಲಿ ಒಂದು ತಿಂಗಳ ರಜಾನೂ ಕೇಳಿಟ್ಟಿದಾಳೆ. ನಂಗೆ ಗೊತ್ತಿಲ್ಲದ ಹಾಗೆ ಬಂದು ಮೊದಲನೇ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗಿದಾಳೆ, ಕಳ್ಳಿ. ಹೊಂದಿದೆಯಂತೆ."

ಕಿಟಕಿಯಾಚೆ ಯಾರೋ ಕಾರನ್ನು ಹಿಂದೆ ತೆಗೆದುಕೊಳ್ಳುತ್ತಿದ್ದರು, ಅದು ಕೀ ಕೀ ಎನ್ನುತ್ತಿತ್ತು. ಡಾಕ್ಟರ ಕಾಗದದ ಮೇಲಿನ ಚುಕ್ಕೆಗೆರೆ ಅವನಿಗೆ ಕಂಡಿತು, ಈಗ ಆ ಬೆನ್ನು ಕಿರಿದಾಗಿತ್ತು. ಅಂಗಡಿಯಲ್ಲಿ ಗಾಜು ಉಜ್ಜುತ್ತ ನಿಲ್ಲುವ, ಅವನು ಕನ್ನಡಕ ಒಡೆದುಕೊಂಡಾಗಲೆಲ್ಲ ಬೈದು ಸರಿಮಾಡಿಕೊಡುವ, ಮಾಮ ಮಾಮ ಎಂದು ಅವನ ಬೆನ್ನ ಮೇಲೇ ಬೆಳೆದ ಹುಡುಗಿಯ ಬೆನ್ನು. ಸುಮ್ಮನಿದ್ದರೆ ಇದೂ ನಡೆದುಹೋಗುತ್ತದೆ. ಅವನು ಹೊದಿಕೆ ಮಡಿಸುತ್ತಾನೆ, ಈ ಸಲ ಇಬ್ಬರದು. ಎಲ್ಲರೂ ಅವನಿಗೆ, ಪಾಪ, ನಿನ್ನದು ಹೊಂದಲಿಲ್ಲವಲ್ಲ ಎನ್ನುತ್ತಾರೆ. ಸುಮ್ಮನಿರಲು ಸಾಧ್ಯವಿದೆ ಎನ್ನುವುದೇ, ತಾನು ಅದನ್ನು ಯೋಚಿಸುತ್ತಿದ್ದೇನೆ ಎನ್ನುವುದೇ ಅವನ ಬಾಯಿ ತೆರೆಸಿತು.

"ಅವಳು ಕೊಡೋದು ಬೇಡ."

"ನಾನೂ ಅದನ್ನೇ ಅಂದೆ. ಕೇಳಬೇಕಲ್ಲ? ನನ್ನ ಹಟಾನೇ ಬಂದಿದೆ ಅದಕ್ಕೆ."

"ನಂದು ಹೊಂದುತ್ತೆ."

ಅಕ್ಕ ಕಣ್ಣು ಬಿಟ್ಟಳು.

"ನಂದು ಹೊಂದುತ್ತೆ ಅಕ್ಕ. ಆಗ್ಲೂ ಹೊಂದಿತ್ತು. ನಾನೇ ಆಗಲ್ಲ ಅಂದೆ. ಡಾಕ್ಟರು ನನ್ನ ಮಾನ ಉಳಿಸೋಕೆ ಹಾಗೆ ಹೇಳಿದ್ರು."

ಪಕ್ಕದ ಮುದುಕ ಕೇಳಿಸಿಕೊಂಡನೋ ಏನೋ, ಗೋಡೆಯ ಕಡೆ ತಿರುಗಿದ. ಎದ್ದು ಹೋಗಲಾರದ ಹಾಗೆ ಅಕ್ಕನ ರಕ್ತ ಅವಳನ್ನು ಯಂತ್ರಕ್ಕೆ ಕಟ್ಟಿಹಾಕಿತ್ತು. ಎದ್ದು ಹೋಗಬಲ್ಲವನು ಅವನೊಬ್ಬನೇ, ಆದರೂ ಹೋಗಲಿಲ್ಲ. ಕೊನೆಗೆ ಅವಳು ಅಂದಳು: "ಅವತ್ತು ನೀನು ಅಳ್ತಾ ಇದ್ದೆ."

"ಹ್ಞೂಂ."

"ನಾನು ಕಣ್ಣೊರೆಸಿದೆ."

"ಹ್ಞೂಂ."

"ಯಾಕೆ ಆಗಲ್ಲ ಅಂದೆ?"

ಈ ಪ್ರಶ್ನೆಗೆ ಅವನು ಹದಿನಾಲ್ಕು ತಿಂಗಳಿಂದ ಉತ್ತರ ಹುಡುಕಿದ್ದ. ಹೆಂಡತಿ ಮಕ್ಕಳಿದ್ದರೆ ಅವರ ಹೆಸರು ಹೇಳಬಹುದಿತ್ತು. ಒಂಟಿ ಕೋಣೆಯಲ್ಲಿ ಒಂಟಿಯಾಗಿರುವವನು. ಸಾಯುವೆನೆಂದೂ ಅಲ್ಲ, ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ದೊಡ್ಡದೊಂದು ಕಾರಣ, ಕೇಳಿದವರು ಒಂದು ಕ್ಷಣವಾದರೂ ಸುಮ್ಮನಾಗುವಂಥದ್ದು, ಎಲ್ಲಾದರೂ ಮನಸ್ಸಿನ ತಳದಲ್ಲಿ ಸಿಕ್ಕೀತೆಂದು ಎಷ್ಟು ಕೆದಕಿದರೂ ಕೈಗೆ ಬಂದದ್ದು ಇಷ್ಟೇ.

"ಭಯ ಆಯ್ತು."

"ಅಷ್ಟೇನಾ?"

"ಅಷ್ಟೇ."

ಅಕ್ಕ ಬಲಗೈಯಿಂದ ಹೊದಿಕೆಯನ್ನು ಕೊರಳಿನ ತನಕ ಎಳೆದುಕೊಂಡಳು. "ಬೇಡ," ಎಂದಳು. "ನಿಂದು ನಂಗೆ ಬೇಡ. ಇಟ್ಕೋ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವನ ಮೈಯೊಳಗೆ ಏನೋ ಸಡಿಲವಾಯಿತು. ಭುಜಗಳು ಇಳಿದವು, ಉಸಿರು ಹೊಟ್ಟೆಯ ತನಕ ಹೋಗಿ ಬಂತು. ಹೇಳಿಯೂ ಆಯಿತು, ಉಳಿದೂ ಆಯಿತು. ಅದು ನೆಮ್ಮದಿ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು, ತಿಳಿದಾಗ ನೆಲ ಕುಸಿದಂತಾಯಿತು. ತಲೆಯೆತ್ತಿದರೆ ಅಕ್ಕ ಅವನನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಜನರ ಮೈಮೇಲಿನ ಬಟ್ಟೆ ಕಾಲು ಇಂಚು ಸೊಟ್ಟಗಿದ್ದರೂ ಕಂಡುಹಿಡಿದ ಕಣ್ಣು.

"ನೋಡ್ದೆ," ಎಂದಳು. "ಬೇಡ ಅಂದ ಕೂಡ್ಲೇ ನಿನ್ನ ಮುಖ ಹೇಗಾಯ್ತು ಅಂತ."

"ಅಕ್ಕ..."

"ಬಾಯಿ ಮುಚ್ಚು. ಬೇಕು ನಂಗೆ. ಕೊಡು."

ಅವನ ಕೈ ಮತ್ತೆ ಎಡಪಕ್ಕೆಯ ಕೆಳಗೆ ಸರಿಯಿತು.

"ಕೇಳಿಸ್ತಾ? ಕೊಡು ಅಂದೆ. ಬೇಡ ಅಂತ ದೊಡ್ಡಸ್ತಿಕೆ ತೋರಿಸಿದ್ರೆ ನೀನು ಬಚಾವಾಗ್ತೀಯ, ನನ್ನ ಮಗಳು ಮೇಜಿನ ಮೇಲೆ ಮಲಗ್ತಾಳೆ. ಅದು ಆಗೋದು ಬೇಡ. ಆದ್ರೆ ನಿಂಗೆ ಕ್ಷಮೆ ಬೇಕು ಅಂತ ಕೊಡೋದಾದ್ರೆ, ಅದನ್ನ ನನ್ನ ಹತ್ರ ಕೇಳಬೇಡ. ಅದು ನನ್ನ ಹತ್ರ ಇಲ್ಲ, ಇರುತ್ತೋ ಇಲ್ವೋ ಗೊತ್ತೂ ಇಲ್ಲ. ನಂಗೆ ನೀರು ಕುಡೀಬೇಕು. ಒಂದು ಚೊಂಬು ತುಂಬಾ, ಮೇಲೆತ್ತಿ, ಗಟಗಟಾಂತ. ಅದಕ್ಕೆ ಕೊಡು." ಅವಳ ದನಿ ಏರಿತ್ತು, ಯಂತ್ರ ಕೂಗಿಕೊಂಡಿತು. ನರ್ಸು ಓಡಿಬಂದು ಒತ್ತಡ ನೋಡಿ, "ಏನ್ ಸಾರ್, ಮಾತಾಡಿಸ್ಬೇಡಿ ಇವರನ್ನ," ಎಂದು ಅವನನ್ನು ಗದರಿದಳು. ಅಕ್ಕ ದನಿ ತಗ್ಗಿಸಿ, "ಈಗ್ಲೇ ಹೋಗು. ಡಾಕ್ಟರು ಐದರ ತನಕ ಇರ್ತಾರೆ. ನಾಳೆ ಅಂದ್ರೆ ನೀನು ಬರಲ್ಲ," ಎಂದಳು.

ನಾಳೆ ಎಂದರೆ ತಾನು ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಎರಡು ಮಹಡಿ ಮೆಟ್ಟಿಲು ಹತ್ತಿದ. ಡಾಕ್ಟರ ಕೋಣೆಯ ಮುಂದೆ ಕೂತ ಕಾಲುಗಂಟೆಯಲ್ಲಿ ಎರಡು ಸಲ ಎದ್ದು ಲಿಫ್ಟಿನ ತನಕ ಹೋಗಿ ಬಂದ. ಮೂರನೆಯ ಸಲ ಲಿಫ್ಟಿನ ಬಾಗಿಲು ತೆರೆದೇ ಇತ್ತು, ಒಳಗಿದ್ದವರು ಬರುತ್ತೀರಾ ಎಂಬಂತೆ ನೋಡಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಅಷ್ಟು ಮಾಡುವುದಕ್ಕೇ ಬೆವತುಹೋದ. ಒಳಗೆ ಡಾಕ್ಟರು ಗುರುತು ಹಿಡಿದರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು, "ನೋಡಿ, ಈ ಸಲವೂ ನಿಮ್ಮನ್ನ ಒಬ್ಬರನ್ನೇ ಕೂರಿಸಿ ಕೇಳ್ತೀವಿ. ಒಂದು ಸಲ ಅಲ್ಲ, ಮೂರು ಸಲ. ಅಕ್ಕ ಬಯ್ದರು ಅಂತ ಬಂದಿದ್ರೆ ಈಗ್ಲೇ ಹೇಳಿಬಿಡಿ," ಎಂದರು.

"ಭಯ ಹೋಗಿಲ್ಲ ಡಾಕ್ಟರೇ."

"ಭಯ ಹೋಗಿದೆ ಅಂದಿದ್ರೆ ನಾನೇ ವಾಪಸ್ ಕಳಿಸ್ತಿದ್ದೆ. ಕೊಡ್ತೀರಾ?"

"ಕೊಡ್ತೀನಿ," ಎಂದ. ಆ ದನಿ ತನ್ನದಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು. ಹಳೆಯ ಪರೀಕ್ಷೆಗಳೆಲ್ಲ ಮತ್ತೆ ಆಗಬೇಕಿತ್ತು. ಕೆಳಗೆ ಒಬ್ಬಳು ಅವನ ತೋಳಿಗೆ ರಬ್ಬರು ಬಿಗಿದು, ಬೆರಳುದ್ದದ ಆರು ಸೀಸೆ ರಕ್ತ ತೆಗೆದುಕೊಂಡಳು. ಈ ಸಲ ಬಗ್ಗಲು ಯಾವ ಹೊದಿಕೆಯೂ ಇರಲಿಲ್ಲ. ಸೂಜಿ ಒಳಗೆ ಹೋಗುವುದನ್ನು ನೋಡಿದ.

ಏಳಕ್ಕೆ ಅಕ್ಕನ ಸೂಜಿ ತೆಗೆದರು. ತೂತಿನ ಮೇಲೆ ಹತ್ತಿಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯುವುದು ಅವನ ಕೆಲಸ. ಕೈ ಚಾಚಿದ. ಅವಳು ತೋಳನ್ನು ಸರಿಸಿಕೊಂಡು ತಾನೇ ಒತ್ತಿಕೊಂಡಳು, ಮುಖ ಕಿಟಕಿಯ ಕಡೆಗಿತ್ತು. ಅವನ ತೋಳಿನ ಪಟ್ಟಿಯನ್ನು ಅವಳು ನೋಡಿದ್ದಳು, ಆದರೆ ಏನೂ ಕೇಳಲಿಲ್ಲ. ಚೀಲವನ್ನು ಮಾತ್ರ ಅವನಿಗೆ ಹೊರಲು ಬಿಟ್ಟಳು.

ಗೇಟಿನ ಹೊರಗೆ ಬಸ್ ನಿಲ್ದಾಣದಲ್ಲಿ ಅಂಗಡಿ ಮುಗಿಸಿ ಬಂದ ಮಗಳು ಕಾಯುತ್ತಿದ್ದಳು. ತಾಯಿಯ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, "ಮಾಮನಿಗೆ ಹೇಳಿದ್ಯಾ ಅಮ್ಮಾ? ಬೈದನಾ?" ಎಂದಳು. ಅಕ್ಕ ಅವನ ಕಡೆ ನೋಡದೆಯೇ, "ನೀನೇ ಹೇಳು ಅವಳಿಗೆ," ಎಂದಳು.

"ನೀನು ಕೊಡೋದು ಬೇಡ ಪುಟ್ಟಿ. ನಾನು ಕೊಡ್ತೀನಿ. ನಂದು ಹೊಂದುತ್ತೆ."

ಹುಡುಗಿ ಕಿರುಚಿದಳು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡುತ್ತಿರುವಂತೆಯೇ ಓಡಿಬಂದು ಎರಡು ಕೈಯಿಂದ ಅವನ ಕೊರಳು ಬಳಸಿ, "ಮಾಮಾ! ನಿಜಾನಾ? ಈಗ ಹೊಂದುತ್ತಾ? ಹೇಗೆ? ಹೊಸ ಔಷಧಿ ಬಂದಿದೆಯಾ?" ಎಂದು ಅವನ ಕಿವಿಯಲ್ಲಿ ನಗುತ್ತ ಅಳುತ್ತ ಕೇಳಿದಳು. ಅವಳ ಕೂದಲಲ್ಲಿ ಕನ್ನಡಕ ಒರೆಸುವ ಸ್ಪಿರಿಟ್ಟಿನ ವಾಸನೆಯಿತ್ತು. ಹೌದು, ಹೊಸ ಔಷಧಿ ಎಂದರೆ ಸಾಕಾಗಿತ್ತು. ಅವಳ ಭುಜದ ಮೇಲಿಂದ ಅವನು ಅಕ್ಕನನ್ನು ನೋಡಿದ. ಅಕ್ಕ ಬರುವ ಬಸ್ಸುಗಳ ನಂಬರು ಓದುತ್ತಿದ್ದಳು. ಅವಳು ತಡೆಯುವುದೂ ಇಲ್ಲ, ಹೇಳಿಕೊಡುವುದೂ ಇಲ್ಲ.

"ಆಗ್ಲೂ ಹೊಂದಿತ್ತು," ಎಂದ.

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಕೊರಳು ಬಳಸಿದ್ದ ಕೈಗಳು, ಮೊದಲು ಒಂದು, ಆಮೇಲೆ ಇನ್ನೊಂದು, ಕೆಳಗಿಳಿದವು. ಅವಳು ಹಿಂದೆ ಸರಿದು ತಾಯಿಯ ಪಕ್ಕ ನಿಂತಳು. ಬಸ್ಸು ಬಂತು. ಅಕ್ಕ ಮಗಳ ಭುಜ ಹಿಡಿದು ಹತ್ತಿದಳು, ಮಗಳು ಹತ್ತಿದಳು. ಚೀಲ ಹಿಡಿದುಕೊಂಡು ಅವನು ಒಂದು ಕ್ಷಣ ಕೆಳಗೇ ನಿಂತಿದ್ದು, ಆಮೇಲೆ ಹತ್ತಿದ. ಬಾ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ.